ಗೇಟಿಗೆ ಬಿದ್ದ ಕೆಂಪು ಬೀಗ

ಹೊಳಲ್ಕೆರೆಯ ಪಾತ್ರೆ ಅಂಗಡಿ ಪಂಚಾಕ್ಷರಪ್ಪನವರು ಹುಟ್ಟಿದಾಗಿನಿಂದ ಕದ್ದದ್ದು ಒಂದೇ ಒಂದು ಸಾಮಾನು, ಅದೂ ಸ್ವಂತ ಮಗಳ ಚೀಲದಿಂದ. ಅನುಭವವಿಲ್ಲದವರು ಕಳ್ಳತನಕ್ಕೆ ಇಳಿಯಬಾರದು. ಇಳಿದರೂ ಬೀಗವನ್ನಂತೂ ಕದಿಯಬಾರದು.

ಬೀಗ ಸಣ್ಣದು, ಮೆಣಸಿನಕಾಯಿಯಷ್ಟು ಕೆಂಪಗಿತ್ತು. ಅದರ ಮೇಲೊಂದು ಚೀಟಿ, ಚೀಟಿಯ ಮೇಲೆ ಹೆಲ್ಮೆಟ್ ಹಾಕಿ ನಗುತ್ತಿರುವ ಮಗಳು ಶಿವಗಂಗಾಳ ಫೋಟೋ, ಕೆಳಗೆ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ 'ಅಪಾಯ! ತೆಗೆಯಬೇಡಿ'. ಶಿವಗಂಗಾ ಎಲೆಕ್ಟ್ರಿಕಲ್ ಎಂಜಿನಿಯರು. ಬಿ.ದುರ್ಗದ ಕಡೆಯ ಗುಡ್ಡದ ಸಾಲಿನಲ್ಲಿ ನಿಂತಿರುವ ಗಾಳಿಯಂತ್ರಗಳು, ಊರವರ ಬಾಯಲ್ಲಿ ಫ್ಯಾನುಗಳು, ಕೆಟ್ಟರೆ ರಿಪೇರಿ ಮಾಡುವುದು ಅವಳ ಕೆಲಸ. ಮೊದಲು ಕೆಳಗಿನ ಸ್ವಿಚ್ಚು ಆರಿಸಿ, ಅದಕ್ಕೆ ತನ್ನ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಆಮೇಲೆ ಮೇಲೆ ಹತ್ತುತ್ತಾಳೆ. "ಬೀಗ ಇಲ್ದೆ ಯಾರೂ ಹತ್ತಂಗಿಲ್ಲ ಅಪ್ಪಾಜಿ. ಹಾಕಿದವರೇ ತೆಗೀಬೇಕು, ಇನ್ನೊಬ್ರು ಮುಟ್ಟಂಗಿಲ್ಲ" ಎಂದು ಒಮ್ಮೆ ಊಟಕ್ಕೆ ಕುಳಿತಾಗ ಹೇಳಿದ್ದಳು. ಮಗಳ ಕೆಲಸದ ಬಗ್ಗೆ ಪಂಚಾಕ್ಷರಪ್ಪನವರ ತಲೆಯಲ್ಲಿ ಉಳಿದಿದ್ದು ಅದೊಂದೇ ಮಾತು.

ಉಳಿದದ್ದನ್ನು ಅವರು ಬೇಕೆಂದೇ ಉಳಿಸಿಕೊಂಡಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಅಟ್ಟದ ಕೊಪ್ಪರಿಗೆ ತೆಗೆಯಲಿಕ್ಕೇ ತಲೆ ತಿರುಗುವ ಮನುಷ್ಯ ಅವರು. ಮಗಳು ಕೆಲಸಕ್ಕೆ ಸೇರಿದಂದಿನಿಂದ ಆ ಗುಡ್ಡದ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಯಾರಾದರೂ ಕೇಳಿದರೆ "ಎ.ಸಿ. ರೂಮು, ಕಂಪ್ಯೂಟರ್ ಮುಂದೆ ಕುಂತು ಕೆಲಸ" ಅನ್ನುತ್ತಿದ್ದರು. ಹೇಳಿ ಹೇಳಿ ಅವರಿಗೇ ಅರ್ಧ ನಂಬಿಕೆ ಬಂದಿತ್ತು. ಹೊಸದುರ್ಗದ ಗಂಡಿನ ಕಡೆಯವರಿಗೆ ಹೇಳಿದ್ದೂ ಅದನ್ನೇ.

ಆ ಗಂಡಿನ ಕಡೆಯವರು ಈ ಭಾನುವಾರ ಸಂಜೆ ಹೆಣ್ಣು ನೋಡಲು ಬರುವವರಿದ್ದರು. ಎರಡು ಸಂಬಂಧಗಳು "ಹುಡುಗಿ ಕಂಬ ಹತ್ತುತಾಳಂತೆ" ಎಂಬ ಸುದ್ದಿ ಕೇಳಿಯೇ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಮುಂದಿನದು ಬರುತ್ತದೋ ಇಲ್ಲವೋ ಎಂಬ ಭಯ ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಅಷ್ಟರಲ್ಲಿ ಬೆಳಗ್ಗೆಯೇ ಫೋನು: ಒಂದು ಫ್ಯಾನು ನಿಂತಿದೆ, ಬರಬೇಕು. ಗಾಳಿಗೆ ಭಾನುವಾರವಿಲ್ಲ.

"ಮಧ್ಯಾಹ್ನ ಬಂದ್ಬಿಡ್ತೀನಿ ಅಪ್ಪಾಜಿ" ಎಂದು ಶಿವಗಂಗಾ ರೊಟ್ಟಿ ತಿನ್ನಲು ಒಳಗೆ ಹೋದಳು. ಚೀಲ ಕಟ್ಟೆಯ ಮೇಲಿತ್ತು. ಪಕ್ಕದ ಜೇಬಿನಿಂದ ಕೆಂಪು ಬೀಗ ಇಣುಕುತ್ತಿತ್ತು. ಬೀಗ ಇಲ್ಲದೆ ಹತ್ತುವಂತಿಲ್ಲ; ಹತ್ತದಿದ್ದರೆ ವಾಪಸು ಬರಲೇಬೇಕು; ಬಂದರೆ ರೇಷ್ಮೆ ಸೀರೆ ಉಟ್ಟು, ಮೈಕೈಗೆ ಗ್ರೀಸು ಮೆತ್ತಿಕೊಳ್ಳದೆ ಸಂಜೆಗೆ ಸಿದ್ಧವಾಗಿರುತ್ತಾಳೆ. ಪಂಚಾಕ್ಷರಪ್ಪನವರ ಕೈ ತಾನಾಗಿಯೇ ಮುಂದೆ ಹೋಯಿತು.

ಜೀಪು ಬಂತು, ಮಗಳು ಹೋದಳು. ಬೀಗವನ್ನು ಬೆನ್ನ ಹಿಂದೆ ಹಿಡಿದು ಅವರು ಗೇಟಿನ ಬಳಿಯೇ ನಿಂತಿದ್ದಾಗ ಹೆಂಡತಿ ಶಾಂತವೀರಮ್ಮ ಹೊರಗೆ ಬಂದರು.

"ಏನ್ರೀ ಅದು, ಕೈಯಾಗೆ?"

ಅದೇ ಹೊತ್ತಿಗೆ ಬೀದಿಯಲ್ಲಿ ಕುರಿಗಳ ಗಂಟೆ ಸದ್ದು ಕೇಳಿಸಿತು. ರಂಗಯ್ಯನ ಮಂದೆ ದಿನಾ ಅದೇ ದಾರಿಯಲ್ಲಿ ಹೋಗುತ್ತಿತ್ತು, ದಿನಾ ಒಂದೆರಡು ಕುರಿ ಒಳನುಗ್ಗಿ ಶಾಂತವೀರಮ್ಮನ ಕಾಕಡಾ ಗಿಡಕ್ಕೆ ಬಾಯಿ ಹಾಕುತ್ತಿದ್ದವು. ಪಂಚಾಕ್ಷರಪ್ಪನವರಿಗೆ ದೇವರೇ ದಾರಿ ತೋರಿಸಿದಂತಾಯಿತು.

"ಬೀಗ ಕಣೇ. ಕುರಿ ನುಗ್ತವಲ್ಲ, ಅದಕ್ಕೇ ತಂದೆ" ಎನ್ನುತ್ತಾ ಗೇಟಿನ ಚಿಲಕಕ್ಕೆ ಸಿಕ್ಕಿಸಿ ಒತ್ತಿಬಿಟ್ಟರು. ಟಕ್ ಎಂದಿತು.

ಶಾಂತವೀರಮ್ಮ ಹತ್ತಿರ ಬಂದು ನೋಡಿದರು. "ಇದ್ರಾಗೆ ನಮ್ಮ ಗಂಗನ ಫೋಟೋ ಐತಲ್ರೀ! ಇದರ ಕೈ ಎಲ್ಲಿ?"

ಬೀಗದ ಕೈ ಗಂಗನ ಕೊರಳಲ್ಲಿತ್ತು. ಗಂಗ ಆಗಲೇ ಊರು ದಾಟಿದ್ದಳು.

"ಬರ್ತಾಳೆ ಬಿಡು. ಬೀಗ ಇಲ್ಲ ಅಂತ ಗೊತ್ತಾದ ಕೂಡ್ಲೆ ಅರ್ಧ ದಾರೀಲೇ ತಿರುಗ್ತಾಳೆ" ಎಂದು ಧೈರ್ಯ ಹೇಳಿದರು. ಬಿಸಿಲೇರಿತು, ಗಂಗ ಬರಲಿಲ್ಲ. ಬಂದದ್ದು ಪಕ್ಕದ ಮನೆಯ ಮುರುಗೇಶಪ್ಪ.

ಮುರುಗೇಶಪ್ಪನವರು ರಿಟೈರಾದ ಬಸ್ ಕಂಡಕ್ಟರು. ಬಸ್ಸು ಅವರನ್ನು ಬಿಟ್ಟಿತ್ತೇ ಹೊರತು ಕಂಡಕ್ಟರಿಕೆ ಬಿಟ್ಟಿರಲಿಲ್ಲ. ಪಂಚಾಕ್ಷರಪ್ಪನವರ ಮನೆಯ ವಿಷಯ ಪಂಚಾಕ್ಷರಪ್ಪನವರಿಗಿಂತ ಒಂದು ಸ್ಟಾಪು ಮೊದಲೇ ಅವರಿಗೆ ಗೊತ್ತಾಗುತ್ತಿತ್ತು.

"ಏನಪ್ಪ ಪಂಚಾಕ್ಷರಿ, ಸಂಜೆ ಬೀಗರು ಬರ್ತಾರೆ ಅಂದ್ರೆ ಬೆಳಗ್ಗೇನೇ ಬೀಗ ತಂದೀಯಲ್ಲ!" ಎಂದು ತಮ್ಮ ಮಾತಿಗೆ ತಾವೇ ನಕ್ಕು, ಬೀದಿಯವರೆಲ್ಲರನ್ನೂ ಕೂಗಿ ಕರೆದು ತೋರಿಸಿದರು.

ಹಾರಿ ಹೊರಗೆ ಹೋಗೋಣವೆಂದರೆ ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಡಿಸಿದವರು ಸ್ವತಃ ಪಂಚಾಕ್ಷರಪ್ಪನವರೇ. ಉಳಿದದ್ದು ಹಿತ್ತಲ ಬಾಗಿಲು. ಅದು ಮುರುಗೇಶಪ್ಪನವರ ಹಿತ್ತಲಿಗೆ ತೆರೆದು, ಅವರ ಅಡುಗೆಮನೆಯ ಮೂಲಕ ಬೀದಿ ಸೇರುತ್ತಿತ್ತು. ಅಂದು ಹಾಲು ಬಂದದ್ದು ಅದೇ ದಾರಿಯಲ್ಲಿ, ಹೂವು ಬಂದದ್ದೂ ಅದೇ ದಾರಿಯಲ್ಲಿ. ಮಂಡಕ್ಕಿಯ ಚೀಲ, ಮಿರ್ಚಿಗೆ ಬೇಕಾದ ಕಡಲೆಹಿಟ್ಟು, ಎಣ್ಣೆ ಎಲ್ಲವೂ ಮುರುಗೇಶಪ್ಪನವರ ಒಲೆಯ ಮುಂದೆ ತಪಾಸಣೆಯಾಗಿ ದಾಟಿದವು.

"ಒಳಗೆ ಬರ್ರಿ, ಒಳಗೆ ಬರ್ರಿ, ಮುಂದೆ ಜಾಗ ಐತೆ" ಎಂದು ಹೇಳುತ್ತಾ ಅವರು ಬಂದವರಿಗೆಲ್ಲ ಕತೆಯನ್ನೂ ಹೇಳಿ ಕಳಿಸುತ್ತಿದ್ದರು. ಪ್ರತಿ ಸಲವೂ ಕತೆ ಸ್ವಲ್ಪ ಬೆಳೆಯುತ್ತಿತ್ತು.

ಬೀದಿಯ ಜನ ಗೇಟಿನ ಮೇಲಿನ ಫೋಟೋ ನೋಡಿದರು, ಅಪಾಯ ಎಂದು ಬರೆದದ್ದನ್ನು ಓದಿದರು. ಹುಡುಗಿಯನ್ನು ಬೆಳಗ್ಗೆಯಿಂದ ಯಾರೂ ಕಂಡಿಲ್ಲ, ಮನೆಗೆ ಬೀಗ, ಸಂಜೆ ಹೆಣ್ಣು ನೋಡುವ ಶಾಸ್ತ್ರ. ಲೆಕ್ಕ ಕೂಡಿಸಲು ಎಷ್ಟು ಹೊತ್ತು ಬೇಕು? ಪಂಚಾಕ್ಷರಪ್ಪ ಒಲ್ಲದ ಮಗಳನ್ನು ಒಳಗೆ ಕೂಡಿಹಾಕಿ ಮದುವೆ ಮಾಡುತ್ತಿದ್ದಾನೆ ಎಂದು ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನವರೆಗೂ ಸುದ್ದಿಯಾಯಿತು.

ಸರಿಯಾಗಿ ಆಗಲೇ ಗೇಟಿನ ಮುಂದೆ ಹೊಸದುರ್ಗದ ಕಾರು ನಿಂತಿತು. ಸಂಜೆ ರಾಹುಕಾಲ ಎಂದು ಗಂಡಿನ ಕಡೆಯವರು ಮಧ್ಯಾಹ್ನವೇ ಹೊರಟು ಬಂದಿದ್ದರು.

ಮೊದಲು ಇಳಿದದ್ದು ಹುಡುಗನ ತಾಯಿ ಬಸಲಿಂಗಮ್ಮ. ಗಂಡ ತೀರಿದ ಮೇಲೆ ಸಿಮೆಂಟ್ ಅಂಗಡಿಯನ್ನೂ ಮನೆಯನ್ನೂ ಒಂದೇ ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡೆಸಿದ ಹೆಂಗಸು. ನಿಜವಾಗಿಯೂ ಅಷ್ಟೇ: ಅಂಗಡಿ, ಗೋದಾಮು, ಬೀರು, ಎಲ್ಲದರ ಬೀಗದ ಕೈಗಳೂ ಅವರ ಸೆರಗಿನ ಗಂಟಿನಲ್ಲಿ ಝಣಝಣ ಎನ್ನುತ್ತಿದ್ದವು. ಹಿಂದೆಯೇ ಗಂಡು ಶರಣ್, ಇಸ್ತ್ರಿ ಅಂಗಿ, ಮೆತ್ತನೆಯ ನಗು. ಅವನ ಹಿಂದೆ ತಂಗಿ ಕಾವ್ಯಶ್ರೀ, ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ರಂಗೋಲಿ ಹಾಕುತ್ತಿದ್ದವಳು.

ಬಸಲಿಂಗಮ್ಮ ಗೇಟಿನ ಬೀಗ ಓದಿದರು. ಗುಂಪಿನ ಮಾತು ಕೇಳಿದರು. ಗೇಟಿನ ಸರಳುಗಳ ಆಚೆ ಕೈಮುಗಿದು ನಿಂತಿದ್ದ ಪಂಚಾಕ್ಷರಪ್ಪನವರನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಬರ್ರಿ ಬರ್ರಿ, ಕುಂತ್ಕಳ್ರಿ" ಎಂದರು ಪಂಚಾಕ್ಷರಪ್ಪ, ಅಭ್ಯಾಸ ಬಲ.

"ಎಲ್ಲಿ ಕುಂತ್ಕಳಾದು, ಚರಂಡಿ ಮೇಲಾ? ಮೊದ್ಲು ಆ ಹುಡುಗೀನ ಹೊರಗೆ ಬಿಡ್ರಿ! ಒಲ್ಲದ ಹೆಣ್ಣು ನಮ್ಮನಿಗೆ ಬ್ಯಾಡ."

"ಅಯ್ಯೋ, ಒಳಗಿಲ್ಲ ತಾಯಿ ಅವಳು, ಆಫೀಸಿಗೆ ಹೋಗ್ಯಾಳೆ!"

"ಭಾನುವಾರ ಯಾವ ಆಫೀಸು? ನಾನೇ ನೋಡ್ತೀನಿ. ದಾರಿ ಎಲ್ಲಿ?"

"ನಮ್ಮ ಮನ್ಯಾಗಿಂದ! ಬರ್ರಿ, ಹತ್ರಿ, ಹುಷಾರು ಮೆಟ್ಲು ಐತೆ" ಎಂದು ಮುರುಗೇಶಪ್ಪನವರು ಮುಂದಾದರು. ಗಂಡಿನ ಕಡೆಯವರು, ಅವರ ಹಿಂದೆ ಅರ್ಧ ಬೀದಿ, ಮುರುಗೇಶಪ್ಪನವರ ಅಡುಗೆಮನೆ ಹಾದು ಪಂಚಾಕ್ಷರಪ್ಪನವರ ಹಿತ್ತಲಿಗೆ ಬಂದಿತು. ಬಸಲಿಂಗಮ್ಮ ಕೋಣೆ, ದೇವರಮನೆ, ಬಚ್ಚಲು ಎಲ್ಲವನ್ನೂ ನೋಡಿದರು. ಅಟ್ಟದ ಕೊಪ್ಪರಿಗೆಯನ್ನೂ ಇಳಿಸಿ ನೋಡಿದರು. ಕೊನೆಗೆ ಪಡಸಾಲೆಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಫೋನ್ ಮಾಡ್ರಿ. ಎಲ್ಲರಿಗೂ ಕೇಳಂಗೆ ಮಾಡ್ರಿ."

ಪಂಚಾಕ್ಷರಪ್ಪನವರು ಮಗಳ ನಂಬರು ಒತ್ತಿ ಸ್ಪೀಕರ್ ಹಾಕಿದರು. ಫೋನನ್ನು ಎತ್ತಿದ್ದು ಮಗಳಲ್ಲ, ಅವಳ ಜೊತೆ ಕೆಲಸ ಮಾಡುವ ಮಲ್ಲೇಶ್.

"ಮೇಡಂ ಹತ್ತಿ ಬಾಳ ಹೊತ್ತಾಯ್ತು ಸಾರ್. ಫೋನ್ ನನ್ನ ಹತ್ರ ಕೊಟ್ಟು ಹೋಗ್ಯಾರೆ."

"ಹತ್ತಿ ಅಂದ್ರೆ? ಆಫೀಸು ಎಷ್ಟನೇ ಮಹಡ್ಯಾಗೈತಪ್ಪ?" ಎಂದು ಬಸಲಿಂಗಮ್ಮ ಫೋನಿಗೆ ಬಾಯಿ ಹಚ್ಚಿ ಕೇಳಿದರು.

"ಯಾವ ಆಫೀಸಮ್ಮ? ಫ್ಯಾನಿನ ನೆತ್ತಿ ಮೇಲವ್ರೆ. ಎಂಬತ್ತು ಮೀಟರು. ನಿಮ್ಮ ಮಹಡಿ ಮೇಲಿಂದ ಕಾಣ್ತದೆ ನೋಡ್ರಿ, ಎಲ್ಲಾ ತಿರುಗ್ತವೆ, ಒಂದು ಮಾತ್ರ ನಿಂತೈತಲ್ಲ, ಅದೇ."

ಜನವೆಲ್ಲ ದಡದಡನೆ ಮಹಡಿ ಹತ್ತಿತು. ಪಂಚಾಕ್ಷರಪ್ಪನವರೂ ಹತ್ತಿದರು, ಹೇಗೆ ಹತ್ತಿದರೋ ಅವರಿಗೇ ತಿಳಿಯಲಿಲ್ಲ. ಇಷ್ಟು ದಿನ ನೋಡದೆ ತಪ್ಪಿಸಿಕೊಂಡಿದ್ದ ಗುಡ್ಡ ಎದುರಿಗಿತ್ತು. ಬೆಳ್ಳನೆಯ ರೆಕ್ಕೆಗಳು ಸಾಲಾಗಿ ತಿರುಗುತ್ತಿದ್ದವು, ನಡುವೆ ಒಂದು ಮಾತ್ರ ಅಲ್ಲಾಡದೆ ನಿಂತಿತ್ತು. ಅದರ ತಲೆಯ ಮೇಲೆ, ಕಣ್ಣಿಗೆ ಕಂಡೂ ಕಾಣದಷ್ಟು, ಎಳ್ಳಿನ ಕಾಳಿನಂತೆ ಏನೋ ಕದಲಿತು.

ಅದು ತಮ್ಮ ಮಗಳು. ನಡೆಯಲು ಕಲಿಯುವಾಗ ಹೊಸ್ತಿಲು ದಾಟಿಸಲು ತಾವು ಬೆರಳು ಕೊಟ್ಟಿದ್ದ ಮಗಳು.

ಆಗ ಅವರಿಗೆ ಬೀಗದ ನೆನಪಾಯಿತು. ಕೆಳಗೆ, ಗೇಟಿನಲ್ಲಿ, ಕೆಂಪಗೆ ನೇತಾಡುತ್ತಿರುವ ಬೀಗ. ಆ ಬೀಗ ಇಲ್ಲಿದ್ದರೆ ಅಲ್ಲಿ ಸ್ವಿಚ್ಚಿನ ಮೇಲೆ ಏನಿದೆ? ಯಾರಾದರೂ ತಿಳಿಯದೆ ಒತ್ತಿದರೆ? ಮಾನ, ಮರ್ಯಾದೆ, ಗಂಡಿನ ಕಡೆಯವರು, ಎ.ಸಿ. ರೂಮು, ಎಲ್ಲವೂ ಅವರ ತಲೆಯಿಂದ ಹಾರಿಹೋದವು.

"ಇಳಿಸಪ್ಪಾ ಅವಳನ್ನ!" ಎಂದು ಫೋನಿಗೆ ಕಿರುಚಿಕೊಂಡರು. "ಸ್ವಿಚ್ ಯಾರೂ ಮುಟ್ಟಬ್ಯಾಡ್ರಿ! ಬೀಗ ನನ್ನ ಹತ್ರ ಐತೆ! ನಾನೇ ಕದ್ದೆ! ಅವಳು ಹತ್ತಬಾರ್ದು ಅಂತ ಕದ್ದೆ, ಎ.ಸಿ. ರೂಮು ಅಂತ ಸುಳ್ಳು ಹೇಳಿದ್ದೂ ನಾನೇ! ನನ್ನ ಮಗಳನ್ನ ಇಳಿಸಪ್ಪಾ!"

ಮುರುಗೇಶಪ್ಪನವರು ಬಾಯಿ ಮುಚ್ಚಿದರು, ಇದು ಆ ಬೀದಿಯ ಚರಿತ್ರೆಯಲ್ಲೇ ಮೊದಲು.

"ಸಾರ್, ಸಾರ್, ಗಾಬರಿ ಆಗಬ್ಯಾಡ್ರಿ" ಎಂದಿತು ಫೋನು. "ಮೇಡಂ ಬೀಗ ಇಲ್ಲೇ ಹಾಕೈತೆ, ನನ್ನ ಕಣ್ಣ ಮುಂದೇ ಐತೆ. ಹೊಸಾದು. ಮೇಡಂ ಈಗ ನಮ್ಮ ಟೀಮಿಗೆ ಲೀಡರ್ ಆಗ್ಯಾರಲ್ಲ, ಅದಕ್ಕೆ ಬೇರೆ ಬೀಗ ಕೊಟ್ಟಾರೆ. ಹಳೇದನ್ನ ಅಪ್ಪಾಜಿಗೆ ತೋರಿಸಿ ಸಿಹಿಸುದ್ದಿ ಹೇಳ್ತೀನಿ ಅಂತ ಚೀಲ್ದಾಗೆ ಇಟ್ಕಂಡು ಓಡಾಡ್ತಿದ್ರು. ನೀವು ಕೇಳ್ಲೇ ಇಲ್ವಂತೆ."

ಪಂಚಾಕ್ಷರಪ್ಪನವರು ಮಹಡಿಯ ಮೇಲೆಯೇ ಕುಳಿತುಬಿಟ್ಟರು. ಸಮಾಧಾನಕ್ಕೋ ನಾಚಿಕೆಗೋ, ಕಣ್ಣಲ್ಲಿ ನೀರು ಬಂದಿತ್ತು.

ಮೇಡಂ ಇಳಿದು ತಮ್ಮ ಬೀಗ ತೆಗೆದರೆಂದು ಫೋನು ಹೇಳಿದ ಸ್ವಲ್ಪ ಹೊತ್ತಿಗೆ ದೂರದ ಗುಡ್ಡದ ಮೇಲೆ, ನಿಂತಿದ್ದ ರೆಕ್ಕೆ ಮೆಲ್ಲಗೆ ಅಲುಗಾಡಿತು. ಮತ್ತೊಂದು ಸುತ್ತು, ಇನ್ನೊಂದು ಸುತ್ತು. "ಹೊಂಟ್ತು!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. "ರೈಟ್!" ಎಂದು ಮುರುಗೇಶಪ್ಪನವರು ಗೋಡೆ ತಟ್ಟಿದರು. ಗಂಡಿನ ತಂಗಿ ಕಾವ್ಯಶ್ರೀ ಮಾತ್ರ ತೆರೆದ ಬಾಯಿ ಮುಚ್ಚದೆ, ಆ ಫ್ಯಾನನ್ನೇ ನೋಡುತ್ತಿದ್ದಳು.

ಶಿವಗಂಗಾ ಜೀಪಿನಿಂದ ಇಳಿದಾಗ ಸೊಂಟದಲ್ಲಿ ಕೊಕ್ಕೆ, ಪಟ್ಟಿ, ತಲೆಗೆ ಹೆಲ್ಮೆಟ್ಟು, ಕೆನ್ನೆಗೆ ಗ್ರೀಸು. ಜನ ಎರಡು ಸಾಲಾಗಿ ದಾರಿ ಬಿಟ್ಟಿತು. ಅವಳು ಗಲಾಟೆ ಮಾಡಲಿಲ್ಲ. ಗೇಟಿನ ಮುಂದೆ ನಿಂತು ಕೊರಳಿನ ಸರದಿಂದ ಒಂದು ಬೀಗದ ಕೈ ಬಿಡಿಸಿ ಸರಳಿನ ಸಂದಿಯಿಂದ ಒಳಗೆ ಚಾಚಿದಳು.

"ನೀನೇ ತೆಗಿ ಗಂಗಾ" ಎಂದರು ಪಂಚಾಕ್ಷರಪ್ಪ, ತಲೆ ತಗ್ಗಿಸಿ.

"ಹಾಕಿದವರೇ ತೆಗೀಬೇಕು ಅಪ್ಪಾಜಿ."

ಅವರು ಸರಳಿನ ಸಂದಿಯಿಂದ ಕೈ ತೂರಿಸಿ, ಎರಡು ಸಲ ತಪ್ಪಿ, ಮೂರನೆಯ ಸಲ ತೆಗೆದರು. ಗೇಟು ತೆರೆಯಿತು. ಮಗಳು ತಂದೆಯ ಕೈಯನ್ನು ಬಿಡದೆ ಹಿಡಿದುಕೊಂಡು, ಅವರಿಗೊಬ್ಬರಿಗೇ ಕೇಳುವಂತೆ ಹೇಳಿದಳು: "ಇದು ಕಬ್ಬಿಣದ ತುಂಡಲ್ಲ ಅಪ್ಪಾಜಿ. ನಾನು ಮೇಲಿರ್ತೀನಲ್ಲ, ಕೆಳಗೆ ನನ್ನ ಜೀವ ಕಾಯೋದು ಇದು. ಇನ್ನೊಂದ್ಸಲ ಮುಟ್ಟಬ್ಯಾಡ್ರಿ."

"ಮುಟ್ಟಲ್ಲ ಕಣವ್ವ. ಲೀಡರ್ ಆಗೀಯಂತಲ್ಲ, ನಂಗ್ಯಾಕೆ ಹೇಳ್ಲಿಲ್ಲ?"

"ಫ್ಯಾನಿನ ಮಾತು ತೆಗೆದ್ರೆ ನೀವು ಎದ್ದು ಅಂಗಡಿಗೆ ಹೋಗ್ತಿದ್ರಿ."

ಅದು ನಿಜವಾಗಿತ್ತು.

ಹೆಣ್ಣು ನೋಡುವ ಶಾಸ್ತ್ರ ನಡೆಯಿತು. ಅಥವಾ ಅಂಥದ್ದೇನೋ ನಡೆಯಿತು. ಮಿರ್ಚಿ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಬಸಲಿಂಗಮ್ಮ, ಅಡುಗೆ ಬರುತ್ತದೆಯೇ, ವಚನ ಹೇಳಲು ಬರುತ್ತದೆಯೇ ಎಂದು ಕೇಳಲೇ ಇಲ್ಲ. ಮೇಲೆ ಗಾಳಿ ಹೇಗಿರುತ್ತದೆ, ಸಿಡಿಲು ಬಂದರೆ ಏನು ಮಾಡುತ್ತೀರಿ, ಗಂಡಸರು ನೀನು ಹೇಳಿದ ಮಾತು ಕೇಳುತ್ತಾರಾ ಎಂದು ಕೇಳಿದರು. ಶಿವಗಂಗಾ ನಗುತ್ತಲೇ ಎಲ್ಲಕ್ಕೂ ಉತ್ತರಿಸಿದಳು. ಮೇಲಿನ ಗೇರಿನಿಂದ ಬರುವ ಸದ್ದನ್ನು ಕೇಳಿಯೇ ಕಾಯಿಲೆ ಹೇಳುವುದನ್ನು, ಒಂದು ಫ್ಯಾನು ತಿರುಗಿದರೆ ಎಷ್ಟು ಊರಿಗೆ ದೀಪ ಹತ್ತುತ್ತದೆಂಬುದನ್ನು ವಿವರಿಸಿದಳು. ಅವಳ ಕಣ್ಣಿನ ಹೊಳಪು ನೋಡಿ ಪಂಚಾಕ್ಷರಪ್ಪನವರಿಗೆ, ಇಷ್ಟು ವರ್ಷ ಎದುರಿಗೆ ಕೂತು ಉಂಡ ಮಗಳನ್ನು ಇವತ್ತೇ ಕಂಡಂತೆ ಅನಿಸಿತು. ಬಸಲಿಂಗಮ್ಮ ಆ ಹಳೆಯ ಬೀಗವನ್ನೂ ಅದರ ಕೈಯನ್ನೂ ಇಸಿದುಕೊಂಡು, ಹಾಕಿ ತೆಗೆದು, ತೆಗೆದು ಹಾಕಿ, ಮಗುವಿನಂತೆ ಆಡಿದರು. ಹುಡುಗ ಹುಡುಗಿ ಮಹಡಿಯ ಮೇಲೆ ಹೋಗಿ ಒಂದಿಷ್ಟು ಹೊತ್ತು ಮಾತಾಡಿ ಬಂದರು. ಇಬ್ಬರ ಮುಖವೂ ಪ್ರಸನ್ನವಾಗಿತ್ತು.

ಹೊರಡುವಾಗ ಬಸಲಿಂಗಮ್ಮ ಪಂಚಾಕ್ಷರಪ್ಪನವರನ್ನು ಗೇಟಿನ ಪಕ್ಕಕ್ಕೆ ಕರೆದರು. ಗೋಡೆಯ ಆಚೆ ಮುರುಗೇಶಪ್ಪನವರ ತಲೆ ಕಾಣಿಸಿತು.

"ಯಜಮಾನ್ರೇ, ನಿಮ್ಮ ಹುಡುಗಿ ನನಗೆ ಬಾಳ ಹಿಡಿಸಿದ್ಲು. ಇಂಥಾ ಮಗಳನ್ನ ಹಡೆದು ಎ.ಸಿ. ರೂಮು ಅಂತ ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಬೇಕು ನಿಮಗೆ."

"ಆಗೈತೆ ತಾಯಿ" ಎಂದರು ಪಂಚಾಕ್ಷರಪ್ಪ, ಸಂತೋಷದಿಂದ. "ಹಂಗಾದ್ರೆ ಲಗ್ನದ ಮಾತು..."

"ಲಗ್ನ ಬ್ಯಾಡ."

"ಆಂ?"

"ನನ್ನ ಮಗ ಮಹಡಿ ಮೇಲೆ ಅವಳನ್ನ ಕೇಳ್ದನಂತೆ, ಮದುವೆ ಆದ್ಮೇಲೆ ಇದನ್ನೆಲ್ಲ ಬಿಟ್ಟು ನಮ್ಮ ಸಿಮೆಂಟ್ ಅಂಗಡಿ ಗಲ್ಲಾದಾಗೆ ಕುಂತ್ಕಳ್ತೀಯಾ ಅಂತ. ಗಲ್ಲಾ ಎಷ್ಟು ಎತ್ತರ ಐತ್ರೀ ಅಂತ ಕೇಳಿದ್ಲಂತೆ." ಬಸಲಿಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಬ್ಬರೂ ನಗ್ತಾ ನಗ್ತಾನೇ ಬ್ಯಾಡ ಅಂದ್ಕಂಡಾರೆ. ನನ್ನ ಮಗ ಒಳ್ಳೇನೇ, ಆದ್ರೆ ಬಲ್ಬ್ ಹಾಕೋಕೂ ಆಳು ಕರೀತಾನೆ. ಆ ಹುಡುಗೀನ ತಂದು ಇವನ ಪಕ್ಕ ಕೂರ್ಸಿದ್ರೆ ದೇವರು ಮೆಚ್ಚಲ್ಲ."

ಪಂಚಾಕ್ಷರಪ್ಪನವರ ಮುಖ ತಣ್ಣಗಾದ ಮಿರ್ಚಿಯಂತೆ ಮೆತ್ತಗಾಯಿತು.

"ಇನ್ನೊಂದು ಮಾತು" ಎಂದು ಬಸಲಿಂಗಮ್ಮ ದನಿ ತಗ್ಗಿಸಿದರು. "ನಮ್ಮ ಕಾವ್ಯಶ್ರೀ ಎರಡು ವರ್ಷದಿಂದ ಕೆಲ್ಸಕ್ಕೆ ಹೋಗ್ತೀನಿ ಅಂತಾಳೆ. ಕರೆಂಟಿನ ಕೆಲಸ ಹೆಣ್ಮಕ್ಕಳಿಗಲ್ಲ ಅಂತ ನಾನೇ ಕಟ್ಟಿ ಕೂರ್ಸಿದ್ದೆ. ತಪ್ಪು ನಂದು. ನಿಮ್ಮ ಮಗಳ ಟೀಮಿಗೆ ಟ್ರೇನಿಂಗಿಗೆ ಹುಡುಗೀರು ಬೇಕಂತೆ, ನಾಳೆನೇ ಸಂದರ್ಶನ ಐತಂತೆ. ಇವಳು ಇವತ್ತಿನಿಂದ್ಲೇ ನಿಮ್ಮನ್ಯಾಗೇ ಇರ್ತಾಳೆ. ಶಾಂತವೀರಮ್ಮೋರು ಆಗ್ಲೇ ಹೂಂ ಅಂದಾರೆ. ಹಂಗೇ ಅವಳಿಗೂ ಒಂದು ಗಂಡು ನೋಡ್ತಾ ಇರ್ರಿ. ಎತ್ತರಕ್ಕೆ ಹೆದರದೋನು ಇರ್ಲಿ."

ಪಂಚಾಕ್ಷರಪ್ಪನವರ ಉತ್ತರಕ್ಕೆ ಕಾಯದೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರು ಹತ್ತಿದರು. ಬೀಗದ ಕೈಗಳು ಝಣಝಣ ಎಂದವು. ಕಾರು ಹೊಸದುರ್ಗದ ದಾರಿ ಹಿಡಿಯಿತು.

ಪಂಚಾಕ್ಷರಪ್ಪನವರು ಕಟ್ಟೆಯ ಮೇಲೆ ಕುಳಿತು ಗುಡ್ಡದ ಕಡೆ ನೋಡಿದರು. ಕೆಂಪು ಮುಗಿಲಿನ ಮುಂದೆ ಎಲ್ಲ ಫ್ಯಾನುಗಳೂ ತಿರುಗುತ್ತಿದ್ದವು. ಮಗಳು ರಿಪೇರಿ ಮಾಡಿದ್ದು ಯಾವುದೆಂದು ಈಗ ಅವರಿಗೆ ಗೊತ್ತಿತ್ತು; ಅದು ಬೇರೆಯವಕ್ಕಿಂತ ಒಂದು ಕೈ ಚೆನ್ನಾಗಿಯೇ ತಿರುಗುತ್ತಿದೆ ಅನಿಸಿತು. ಅಳಿಯ ಹೋದರೆ ಹೋಗಲಿ. ಗಂಡು ಕೊಡುವವರಿಗೇ ಇಂಥ ಸೊಸೆ ಪಡೆಯುವ ಯೋಗ್ಯತೆ ಇರಬೇಕು ಎಂದುಕೊಂಡು ಮೊದಲ ಸಲ ಎದೆ ಸೆಟೆಸಿದರು.

ಆಗ ಗೇಟಿನಿಂದ ಟಕ್ ಎಂದು ಸದ್ದು ಕೇಳಿಸಿತು.

"ಹಾಕಿದೆ ಅಂಕಲ್!" ಶಿವಗಂಗಾಳ ಹೆಲ್ಮೆಟ್ಟು ತಲೆಗಿಟ್ಟುಕೊಂಡ ಕಾವ್ಯಶ್ರೀ ಮಿನುಗುವ ಕಣ್ಣುಗಳಿಂದ ತಿರುಗಿದಳು. "ಅಕ್ಕ ಹೇಳಿಕೊಟ್ಲು. ಮೊದ್ಲು ಬೀಗ, ಆಮೇಲೆ ಎಳೆದು ನೋಡಾದು. ನಾಳೆ ಸಂದರ್ಶನದಾಗೆ ಕೇಳಿದ್ರೆ ಅಂತ ಒಂದ್ಸಲ ಮಾಡಿ ನೋಡ್ದೆ."

"ಶಾಣ್ಯಾ ಕಣವ್ವ ನೀನು" ಎಂದರು ಪಂಚಾಕ್ಷರಪ್ಪ ಮೆಚ್ಚಿಕೊಂಡು. "ಈಗ ತೆಗಿ. ಹಾಕಿದವರೇ ತೆಗೀಬೇಕು."

ಕಾವ್ಯಶ್ರೀ ಅಂಗೈ ನೋಡಿಕೊಂಡಳು. ಕಟ್ಟೆಯ ಮೇಲೆ ನೋಡಿದಳು. ಮಂಡಕ್ಕಿಯ ತಟ್ಟೆಯ ಕೆಳಗೆ ನೋಡಿದಳು. ಆಮೇಲೆ ನಿಧಾನವಾಗಿ ಅವಳ ಕೈ ಬಾಯಿಯ ಮೇಲೆ ಹೋಯಿತು.

"ಅಂಕಲ್... ಬೀಗದ ಕೈ ನಮ್ಮವ್ವ ಇಸ್ಕಂಡಿತ್ತಲ್ರೀ? ಅವ್ವಗೆ ಬೀಗದ ಕೈ ಕೈಗೆ ಸಿಕ್ರೆ ಸೆರಗಿಗೆ ಗಂಟು ಹಾಕೋದೇ ಅಭ್ಯಾಸ."

ಗೋಡೆಯ ಮೇಲೆ, ಗಾಜಿನ ಚೂರುಗಳ ಹಿಂದೆ, ಮುರುಗೇಶಪ್ಪನವರ ತಲೆ ಮತ್ತೊಮ್ಮೆ ಮೂಡಿತು.

"ಪಂಚಾಕ್ಷರೀ, ನಾಳೆ ಬೆಳಗ್ಗೆ ನಮ್ಮ ಅಡುಗೆಮನೆಗೆ ಎಷ್ಟು ಟಿಕೆಟಪ್ಪ?"